ಪಕ್ಕದವಳ ಸೊಂಟ ನೋಡಿ ನಿಮ್ಮ ಊಟ ಬಿಡಬೇಡಿ!

ಮದುವೆ ಮನೆ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡು, 'ಪರವಾಗಿಲ್ಲ, ಚೆನ್ನಾಗೇ ಕಾಣ್ತೀನಿ' ಅಂದುಕೊಂಡೇ ಹೋಗಿರುತ್ತೀರಿ. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡು ಒಳಗೆ ಕಾಲಿಟ್ಟಿದ್ದೇ ತಡ, ದೂರದ ಸಂಬಂಧದ ಅತ್ತೆಯೊಬ್ಬರು ನಿಮ್ಮನ್ನು ತಲೆಯಿಂದ ಕಾಲಿನವರೆಗೆ ಅಳೆದು, 'ಏನವ್ವಾ, ಹಿಂಗೆ ಊದ್ಕೊಂಡುಬುಟ್ಟಿದ್ದೀಯ! ನಿನ್ನ ವಾರಗಿತ್ತಿ ನೋಡು, ಎರಡು ಹೆತ್ತರೂ ಹೆಂಗವ್ಳೆ' ಅಂದುಬಿಡುತ್ತಾರೆ. ಮುಗೀತು. ಆಮೇಲೆ ಊಟಕ್ಕೆ ಕೂತರೆ ಎಲೆ ಮೇಲಿನ ಒಬ್ಬಟ್ಟು ನಿಮ್ಮನ್ನೇ ದುರುಗುಟ್ಟಿಕೊಂಡು ನೋಡಿದ ಹಾಗೆ. ವಾರಗಿತ್ತಿ ನಗುತ್ತಾ ಬಂದು ಮಾತಾಡಿಸಿದರೂ ನಿಮ್ಮ ಕಣ್ಣು ಮಾತ್ರ ಅವಳ ಸೊಂಟದ ಮೇಲೆ!

ಮನೆಗೆ ಬಂದು ರಾತ್ರಿಯೇ ತೀರ್ಮಾನ. 'ಸೋಮವಾರದಿಂದ ಅನ್ನ ಬಂದ್. ಬೆಳಿಗ್ಗೆ ಐದಕ್ಕೆ ವಾಕಿಂಗ್. ಮೂರು ತಿಂಗಳಲ್ಲಿ ಹತ್ತು ಕೆಜಿ.' ಸೋಮವಾರ ಸರಿ, ಮಂಗಳವಾರವೂ ಸರಿ. ಗುರುವಾರದ ಹೊತ್ತಿಗೆ ತಲೆ ಸುತ್ತು, ಸಿಡುಕು. ಶನಿವಾರ ಸಂಜೆ ಮಕ್ಕಳಿಗೆ ಕರಿದ ಬಜ್ಜಿ ತಟ್ಟೆಯ ಮುಂದೆ ವ್ರತ ಮುರಿಯುತ್ತದೆ. ಭಾನುವಾರ ಪೂರ್ತಿ 'ನನ್ನ ಕೈಲಿ ಏನೂ ಆಗಲ್ಲ' ಅನ್ನುವ ಕೊರಗು.

ನಿಜ ಹೇಳಿ, ಇದು ನಿಮ್ಮದೇ ಕಥೆ ಅಲ್ವಾ? ಸಂಕೋಚ ಬೇಡ, ನನ್ನದೂ ಇದೇ. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬಳು ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತುತ್ತಾಳೆ ಅಂತ ಕೇಳಿ, ನಾನೇನು ಕಡಿಮೆ ಅಂತ ಸೆರಗು ಸಿಕ್ಕಿಸಿಕೊಂಡು ಹೊರಟವಳು ನಾನು. ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳು ಅವು. ಹತ್ತಿದ್ದೇನೋ ಹತ್ತಿದೆ. ಆದರೆ ಮಾರನೇ ದಿನದಿಂದ ಮೂರು ವಾರ ಮನೆಯ ನಾಲ್ಕು ಮೆಟ್ಟಿಲನ್ನೂ ಗೋಡೆ ಹಿಡಿದೇ ಹತ್ತಬೇಕಾಯ್ತು. ಅಷ್ಟು ದೊಡ್ಡ ಬಸವಣ್ಣನ ಮುಂದೆ ಹಾದು ಹೋಗಿದ್ದೆ, ನಿಂತು ಕೈ ಮುಗಿಯಲೂ ಇಲ್ಲ. ಕಣ್ಣೆಲ್ಲ ಮುಂದೆ ಹೋಗುತ್ತಿದ್ದವಳ ಹಿಮ್ಮಡಿ ಮೇಲಿತ್ತು!

ಹೆಡತಲೆಯ ಚಾವಡಿ ಹೇಳುವ ಮಾತು

ನಂಜನಗೂಡು ತಾಲ್ಲೂಕಿನಲ್ಲಿ ಹೆಡತಲೆ ಅಂತ ಒಂದು ಊರಿದೆ. ಹೊಯ್ಸಳರ ಕಾಲದ ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದಿಂದ ಹೆಸರಾದ ಊರು. ಅಲ್ಲಿನ ಹದಿನಾರು ಮುಖದ ಚಾವಡಿಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ಹಿಂದೆ ಊರನ್ನಾಳಿದ ನಾಯಕನಿಗೆ ಹದಿನಾರು ಜನ ಅಳಿಯಂದಿರಂತೆ. ಎಲ್ಲರೂ ಒಟ್ಟಿಗೆ ಬಂದಾಗ ಯಾರು ಮೇಲೆ ಕೂರಬೇಕು, ಯಾರು ಕೆಳಗೆ ಕೂರಬೇಕು? ಒಬ್ಬರಿಗೆ ಮೊದಲ ಜಾಗ ಕೊಟ್ಟರೆ ಹದಿನೈದು ಮುಖ ಗಡಿಗೆಯಾಗುತ್ತದೆ. ಅದಕ್ಕೇ ಹದಿನಾರು ಮುಖ ಬರುವ ಹಾಗೆ ಚಾವಡಿ ಕಟ್ಟಿಸಿದನಂತೆ. ಒಬ್ಬೊಬ್ಬರಿಗೂ ಅವರದೇ ಮುಖ, ಅವರದೇ ಜಾಗ. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ.

ಎಂಥ ಜಾಣ ಮಾವ! ಆದರೆ ಈ ಕಥೆ ಕೇಳಿದಾಗಲೆಲ್ಲ ನನಗೊಂದು ಪ್ರಶ್ನೆ ಕಾಡುತ್ತದೆ. ಹದಿನಾರು ಅಳಿಯಂದಿರು ಅಂದ ಮೇಲೆ ಹದಿನಾರು ಹೆಣ್ಣುಮಕ್ಕಳೂ ಇದ್ದರಲ್ಲ? ಅವರು ಒಟ್ಟಿಗೆ ಸೇರಿದಾಗ 'ನೀನು ದಪ್ಪ, ನೀನು ಸಣ್ಣ, ನಿನ್ನ ತಂಗಿ ನೋಡು ಹೇಗಿದ್ದಾಳೆ' ಅನ್ನುವ ಮಾತು ಬರದೇ ಇರುತ್ತಿತ್ತಾ? ಅವರಿಗೆ ಯಾರು ಚಾವಡಿ ಕಟ್ಟಿಸಿದರು? ಯಾರೂ ಕಟ್ಟಿಸಿದ ಹಾಗಿಲ್ಲ. ಇವತ್ತಿಗೂ ನಮಗೆ ನಾವೇ ಕಟ್ಟಿಕೊಳ್ಳಬೇಕು.

ಆ ಕಡೆಯ ಹಳ್ಳಿಯ ಒಂದು ಮನೆ ನನಗೆ ಗೊತ್ತು. ಹೆಸರು ಬೇಡ. ಇಬ್ಬರು ಸೊಸೆಯಂದಿರು. ದೊಡ್ಡವಳು ಊರಲ್ಲೇ ಇದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು ಡೇರಿಗೆ ಹಾಕಿ, ಅಡುಗೆ ಮುಗಿಸಿ, ನಾಟಿ ಬಂದರೆ ನಾಟಿಗೆ, ಕಳೆ ಬಂದರೆ ಕಳೆಗೆ ಹೊರಡುವವಳು. ಚಿಕ್ಕವಳು ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ಸಂಜೆ ಜಿಮ್ಮಿಗೆ ಹೋಗುತ್ತಾಳೆ. ಟ್ರ್ಯಾಕ್ ಪ್ಯಾಂಟ್ ಹಾಕಿದ ಫೋಟೊ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬರುತ್ತದೆ. ದೊಡ್ಡವಳು ರಾತ್ರಿ ಪಾತ್ರೆ ತೊಳೆದು ಕೈ ಒರೆಸಿಕೊಂಡು ಅದನ್ನು ನೋಡುತ್ತಾಳೆ. ಮದುವೆಯಾದಾಗ ತಾನೂ ಹಾಗೇ ಇದ್ದೆನಲ್ಲ ಅನ್ನಿಸುತ್ತದೆ. ಗಂಡ ಒಂದು ದಿನ ತಮಾಷೆಗೆ ಏನೋ ಅಂದ. ಅಷ್ಟೇ ಸಾಕಾಯ್ತು.

ರಾತ್ರಿ ಮುದ್ದೆ ನಿಂತಿತು. ಬೆಳಿಗ್ಗೆ ಜೀರಿಗೆ ನೀರು. ಪರಿಚಯದವರೊಬ್ಬರು ಮಾರಿದ 'ತೂಕ ಇಳಿಸುವ' ಪುಡಿ. ಕೊಟ್ಟಿಗೆ, ಗದ್ದೆ, ಅಡುಗೆ ಮಾತ್ರ ಒಂದೂ ನಿಲ್ಲಲಿಲ್ಲ. ಎರಡು ತಿಂಗಳಲ್ಲಿ ತೂಕ ಇಳಿಯಿತು, ಎಲ್ಲರೂ ಹೊಗಳಿದರು. ಒಂದು ದಿನ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗೆ! 'ತಾಯಿ, ಇಳಿದಿರೋದು ನಿಮ್ಮ ಬೊಜ್ಜಲ್ಲ, ನಿಮ್ಮ ಶಕ್ತಿ' ಅಂದರಂತೆ ಡಾಕ್ಟರು.

ನೋಡೋಕೆ ಬಂದ ಚಿಕ್ಕವಳು ಪಕ್ಕದಲ್ಲಿ ಕೂತು ಅತ್ತಳು. 'ಅಕ್ಕಾ, ನಾನು ನಿನ್ನ ನೋಡಿ ಹೊಟ್ಟೆ ಉರ್ಕೊಳ್ತಿದ್ದೆ. ತುಂಬಿದ ಬಿಂದಿಗೆನ ಒಂದೇ ಕೈಲಿ ಎತ್ತಿ ಸೊಂಟಕ್ಕೆ ಇಟ್ಕೋತೀಯ. ಮಲಗಿದ ತಕ್ಷಣ ನಿದ್ದೆ ಬರುತ್ತೆ. ನನಗೆ ಥೈರಾಯ್ಡ್ ಅಂತ ಮಾತ್ರೆ, ಕೂದಲೆಲ್ಲ ಉದುರ್ತಿದೆ. ಮೂವತ್ತು ಫೋಟೊ ತೆಗೆದು ಒಂದನ್ನ ಹಾಕ್ತೀನಿ' ಅಂದಳಂತೆ.

ಅವಳನ್ನು ನೋಡಿ ಇವಳು, ಇವಳನ್ನು ನೋಡಿ ಅವಳು. ಇಬ್ಬರೂ ನೋಡಿದ್ದು ಮಾತ್ರ ಅರ್ಧ ಚಿತ್ರ.

ಯಾಕೆ ಹೀಗೆ ಹೋಲಿಸಿಕೊಳ್ತೀವಿ?

ಇದು ಹೆಂಗಸರ ಕೆಟ್ಟ ಬುದ್ಧಿ ಅಂತ ಯಾರಾದರೂ ಅಂದರೆ ನಂಬಬೇಡಿ. ಹೋಲಿಸಿಕೊಳ್ಳುವುದು ಮನುಷ್ಯ ಸ್ವಭಾವ. ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ವಿವರಿಸಿದ್ದ. ನಾವು ಹೇಗಿದ್ದೇವೆ ಅಂತ ತಿಳಿದುಕೊಳ್ಳಲು ಖಚಿತವಾದ ಅಳತೆಗೋಲು ಇಲ್ಲದಿದ್ದಾಗ ಮನುಷ್ಯರು ಪಕ್ಕದವರನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ ಅನ್ನುವುದು ಅವನ ಮಾತಿನ ಸಾರ. ಅದೂ ತಮಗೆ ಹತ್ತಿರದವರನ್ನೇ. ಸಿನಿಮಾ ನಟಿಯನ್ನು ನೋಡಿ ನಮಗೆ ಅಷ್ಟು ನೋವಾಗುವುದಿಲ್ಲ. 'ಅವರಿಗೇನು, ಅಡುಗೆಯವರಿದ್ದಾರೆ, ಟ್ರೈನರ್ ಇದ್ದಾರೆ' ಅಂದು ಸುಮ್ಮನಾಗುತ್ತೇವೆ. ಆದರೆ ಓರಗಿತ್ತಿ, ನಾದಿನಿ, ಎದುರು ಮನೆಯವಳು, ಒಂದೇ ಬೆಂಚಿನಲ್ಲಿ ಓದಿದ ಗೆಳತಿ... ಇವರ ಸೊಂಟ ಚುಚ್ಚಿದಷ್ಟು ಇನ್ಯಾವುದೂ ಚುಚ್ಚುವುದಿಲ್ಲ.

ಹಿಂದೆ ಈ ಚುಚ್ಚುವಿಕೆ ವರ್ಷಕ್ಕೆ ನಾಲ್ಕು ಮದುವೆ, ಒಂದು ದೊಡ್ಡ ಜಾತ್ರೆಗೆ ಮುಗಿಯುತ್ತಿತ್ತು. ಈಗ ಮೊಬೈಲು ಕೈಯಲ್ಲಿದೆ. ದಿನಕ್ಕೆ ನಲವತ್ತು ಸಲ ಮದುವೆ ಮನೆಗೆ ಹೋಗಿ ಬಂದ ಹಾಗೆ! ಅವಳ ಫೋಟೊ ಬೆಳಕು ನೋಡಿ, ಉಸಿರು ಬಿಗಿಹಿಡಿದು, ಆರಿಸಿ ಹಾಕಿದ್ದು. ನಿಮ್ಮ ಕನ್ನಡಿ ಬೆಳಿಗ್ಗೆ ನೈಟಿಯಲ್ಲಿ, ಕೆದರಿದ ತಲೆಯಲ್ಲಿ ನಿಮಗೆ ಸಿಕ್ಕಿದ್ದು. ಇವೆರಡನ್ನು ತಕ್ಕಡಿಗೆ ಹಾಕಿದರೆ ಯಾವ ನ್ಯಾಯ?

ಒಂದೇ ತಕ್ಕಡಿಗೆ ಬರುವುದಿಲ್ಲ

ಇನ್ನೊಂದು ಮಾತು. ಎರಡು ಹೆಣ್ಣು ದೇಹಗಳನ್ನು ಹೋಲಿಸುವಾಗ ನಾವು ಎಷ್ಟೊಂದು ಮರೆತುಬಿಡುತ್ತೇವೆ ನೋಡಿ. ವಯಸ್ಸು ಎಷ್ಟು? ಹೆರಿಗೆ ಸಹಜವೋ, ಸಿಸೇರಿಯನ್ನೋ? ಮಗು ರಾತ್ರಿ ಎಷ್ಟು ಸಲ ಏಳಿಸುತ್ತದೆ? ಥೈರಾಯ್ಡ್ ಇದೆಯಾ, ಪಿಸಿಓಡಿ ಇದೆಯಾ? ಮುಟ್ಟು ನಿಲ್ಲುವ ವಯಸ್ಸಾ? ಅಮ್ಮ, ಅಜ್ಜಿಯ ಮೈಕಟ್ಟು ಹೇಗಿತ್ತು? ಎಲ್ಲಕ್ಕಿಂತ ಮುಖ್ಯವಾಗಿ, ಅವಳು ವಾಕಿಂಗ್ ಹೋದಾಗ ಅವಳ ಮನೆಯ ಗ್ಯಾಸ್ ಒಲೆ ಮುಂದೆ ಯಾರು ನಿಂತಿರುತ್ತಾರೆ? ನೀವು ಹೋದಾಗ ಯಾರು ನಿಲ್ಲುತ್ತಾರೆ? ಇದಕ್ಕೆ ಉತ್ತರ ಗೊತ್ತಿಲ್ಲದೆ 'ಅವಳಿಗೆ ಆಗುತ್ತೆ, ನನಗ್ಯಾಕೆ ಆಗಲ್ಲ' ಅಂತ ಕೊರಗುವುದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ.

ಲೆಕ್ಕ ಬೇಕಾ? 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದ ಬಗ್ಗೆ ಏನು ಹೇಳಿತು ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಇರಬೇಕಾದ್ದಕ್ಕಿಂತ ಹೆಚ್ಚು ತೂಕ. ನೂರಕ್ಕೆ ಸುಮಾರು 17 ಮಂದಿಗೆ ಇರಬೇಕಾದ್ದಕ್ಕಿಂತ ಕಡಿಮೆ ತೂಕ. ಹಾಗೇ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ! ಅಂದರೆ ಒಂದು ಸ್ತ್ರೀಶಕ್ತಿ ಸಂಘದಲ್ಲಿ ಇಪ್ಪತ್ತು ಜನ ಸೇರಿದರೆ ಒಬ್ಬಳಿಗೆ ಬೊಜ್ಜು ಇಳಿಸಬೇಕು, ಒಬ್ಬಳಿಗೆ ತೂಕ ಏರಿಸಬೇಕು, ಇವರಿಬ್ಬರಲ್ಲಿ ಯಾರಿಗಾದರೂ ರಕ್ತ ಕಡಿಮೆ ಇರಬಹುದು. ಇಪ್ಪತ್ತೂ ಜನ ಒಬ್ಬಳನ್ನೇ ನೋಡಿ ಒಂದೇ ಪಥ್ಯ ಮಾಡಿದರೆ ಗತಿ ಏನು?

ಸಣ್ಣಗಿರುವವಳೆಲ್ಲ ಆರೋಗ್ಯವಂತೆ ಅಲ್ಲ. ದಪ್ಪಗಿರುವವಳೆಲ್ಲ ಸೋಮಾರಿಯೂ ಅಲ್ಲ. ಇದನ್ನು ಫ್ರಿಜ್ ಮೇಲೆ ಬರೆದು ಅಂಟಿಸಿಕೊಳ್ಳಿ.

ಹಾಗಂತ ಸುಮ್ಮನೆ ಕೂರೋದಾ?

'ಅಬ್ಬಾ, ಸಂಪಾದಕಿಯೇ ಹೇಳಿದ ಮೇಲೆ ಇನ್ನೇನು, ಎರಡು ಮೈಸೂರು ಪಾಕ್ ಜಾಸ್ತಿ ಹಾಕಮ್ಮ' ಅಂತ ನಗುತ್ತಿದ್ದೀರಾ? ಸ್ವಲ್ಪ ತಡೆಯಿರಿ. ಹೋಲಿಕೆ ಬಿಡಿ ಅಂದೆ, ಆರೋಗ್ಯ ಬಿಡಿ ಅನ್ನಲಿಲ್ಲ. ನಿಮ್ಮ ಸೊಂಟದ ಅಳತೆಗೆ ಖಂಡಿತ ಬೆಲೆ ಇದೆ. ಆದರೆ ಅದನ್ನು ಓರಗಿತ್ತಿಯ ಸೊಂಟದ ಪಕ್ಕದಲ್ಲಿ ಇಡಬೇಡಿ, ಟೇಪಿನ ಪಕ್ಕದಲ್ಲಿ ಇಡಿ. ಭಾರತೀಯ ಹೆಣ್ಣುಮಕ್ಕಳಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಅಪಾಯ ಹೆಚ್ಚು ಅಂತ ವೈದ್ಯರು ಎಚ್ಚರಿಸುತ್ತಾರೆ. ದಾಟಿದೆಯಾ? ಹೆದರಬೇಡಿ. ಒಮ್ಮೆ ಸಕ್ಕರೆ, ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ತೂಕದ ಮಾತು.

ಹಳ್ಳಿಯ ಅಕ್ಕಂದಿರು ಕೇಳಬಹುದು, 'ನಾವು ದಿನವಿಡೀ ದುಡೀತೀವಿ, ನಮಗ್ಯಾಕೆ ಎಕ್ಸರ್‌ಸೈಜು?' ನ್ಯಾಯವಾದ ಪ್ರಶ್ನೆ. ದುಡಿಮೆಯಲ್ಲಿ ಮೈ ಅಲುಗುತ್ತದೆ, ನಿಜ. ಆದರೆ ನಾಟಿ ಹಾಕುವಾಗ, ಕಳೆ ಕೀಳುವಾಗ ಗಂಟೆಗಟ್ಟಲೆ ಬಗ್ಗಿದ ಬೆನ್ನು ಬಗ್ಗಿದ ಹಾಗೇ ಇರುತ್ತದೆ. ಅದಕ್ಕೆ ಬೇಕಾಗಿರುವುದು ಇನ್ನಷ್ಟು ಶ್ರಮ ಅಲ್ಲ. ಹಿಂದಕ್ಕೆ ಬಾಗಿ ಮೈ ಸಡಿಲಿಸುವ ಐದು ನಿಮಿಷ, ಮಧ್ಯೆ ಒಂದು ವಿರಾಮ, ಹೊಟ್ಟೆ ತುಂಬ ಊಟ. ಪೇಟೆಯಲ್ಲಿ ಎಂಟು ಗಂಟೆ ಕುರ್ಚಿಯಲ್ಲಿ ಕೂರುವವಳಿಗೆ ಬೇಕಾಗಿರುವುದು ಎದ್ದು ಓಡಾಡುವುದು. ಇಬ್ಬರ ಔಷಧಿ ಬೇರೆ ಬೇರೆ. ಅವಳ ಚೀಟಿ ತೋರಿಸಿ ನೀವು ಮಾತ್ರೆ ತಗೋತೀರಾ? ಇಲ್ಲ ತಾನೆ? ಇದೂ ಹಾಗೇ.

ಮೈಸೂರಿನ ಪಾಠ ಮೈಸೂರಿನವರಿಗೇ ಗೊತ್ತಿಲ್ಲ!

ತಮಾಷೆ ಏನು ಗೊತ್ತಾ? ಹೋಲಿಕೆ ಬಿಟ್ಟು ಮೈ ಪಳಗಿಸುವ ಒಂದು ಪದ್ಧತಿಗೆ ಪ್ರಪಂಚವೆಲ್ಲ ನಮ್ಮ ಊರಿನ ಹೆಸರನ್ನೇ ಇಟ್ಟಿದೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅವರವರ ವಯಸ್ಸು, ಶಕ್ತಿ ನೋಡಿ ಅವರವರಿಗೆ ಬೇಕಾದಷ್ಟೇ ಕಲಿಸಬೇಕು ಅನ್ನುವುದು ಅವರ ಪರಂಪರೆಯಲ್ಲಿ ಗಟ್ಟಿಯಾಗಿ ಉಳಿದ ಮಾತು. ಮೊದಮೊದಲು ಹೆಣ್ಣುಮಕ್ಕಳಿಗೆ ಕಲಿಸಲು ಒಪ್ಪದಿದ್ದ ಅವರ ಹತ್ತಿರ ಹಟ ಹಿಡಿದು ಕಲಿತ ವಿದೇಶಿ ಮಹಿಳೆ ಇಂದ್ರಾದೇವಿ. 1930ರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ ಕಲಿತು, ಮುಂದೆ ದೇಶ ದೇಶಗಳಲ್ಲಿ ಕಲಿಸಿ, ನೂರು ವರ್ಷ ದಾಟಿ ಬಾಳಿ, 2002ರಲ್ಲಿ ತೀರಿಕೊಂಡರು.

ಇವತ್ತು ಅಷ್ಟಾಂಗ ಯೋಗದವರು ಯಾವ ದೇಶದಲ್ಲೇ ಇದ್ದರೂ 'ಮೈಸೂರು ಸ್ಟೈಲ್' ಅಂದರೆ ಒಂದೇ ಅರ್ಥ. ಒಂದೇ ಕೋಣೆಯಲ್ಲಿ ಇಪ್ಪತ್ತು ಜನ ಇದ್ದರೂ ಯಾರೂ ಒಂದೇ ಆಸನ ಮಾಡುತ್ತಿರಬೇಕು ಅಂತಿಲ್ಲ. ಒಬ್ಬಳು ಇನ್ನೂ ಸೂರ್ಯನಮಸ್ಕಾರದಲ್ಲಿದ್ದರೆ ಪಕ್ಕದವಳು ಕಾಲನ್ನು ಕತ್ತಿನ ಹಿಂದೆ ಹಾಕಿಕೊಂಡಿರಬಹುದು. ಒಬ್ಬೊಬ್ಬರದೂ ಅವರದೇ ಉಸಿರಿನ ಲಯ. ಒಂದು ಆಸನ ಕೂಡಿಬಂದ ಮೇಲೆ ಮಾತ್ರ ಗುರುಗಳು ಮುಂದಿನದನ್ನು ಕೊಡುತ್ತಾರೆ. ಪ್ರತಿ ಆಸನಕ್ಕೂ ದೃಷ್ಟಿ ಎಲ್ಲಿರಬೇಕು ಅಂತಲೂ ಹೇಳಿರುತ್ತಾರೆ. ಮೂಗಿನ ತುದಿ, ಹೊಕ್ಕುಳು, ಕೈಬೆರಳು, ಕಾಲ್ಬೆರಳು... ಆ ಪಟ್ಟಿಯಲ್ಲಿ 'ಪಕ್ಕದ ಚಾಪೆ' ಇಲ್ಲವೇ ಇಲ್ಲ!

ಹೆಡತಲೆಯ ಚಾವಡಿಯ ಹಾಗೆ ಅಲ್ಲವೇ? ಸೂರು ಒಂದೇ, ಮುಖ ಮಾತ್ರ ಅವರವರದು.

ಹಾಗಾದರೆ ಗುಂಪು ಬೇಡವಾ? ಬೇಕು, ಖಂಡಿತ ಬೇಕು. 2017ರ ಜೂನ್ 21ರಂದು ಮೈಸೂರಿನ ರೇಸ್‌ಕೋರ್ಸ್ ಮೈದಾನದಲ್ಲಿ 55 ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಯೋಗ ಮಾಡಿ ಗಿನ್ನೆಸ್ ದಾಖಲೆ ಬರೆದರು. ಗೆಳತಿಯರು ಜೊತೆಗಿದ್ದರೆ ಬೆಳಿಗ್ಗೆ ಏಳುವ ಹುಮ್ಮಸ್ಸೇ ಬೇರೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮಾತಾಡುತ್ತಾ ನಡೆಯುವ ಹೆಂಗಸರನ್ನು ನೋಡಿದರೆ ಅದು ಗೊತ್ತಾಗುತ್ತದೆ. ಜೊತೆ ಇರಲಿ, ಪೈಪೋಟಿ ಬೇಡ. ಹೇಗೆ ಗುರುತಿಸೋದು? ನಡೆದು ಬಂದ ಮೇಲೆ ಮನಸ್ಸು ಹಗುರ ಆಗಿದ್ದರೆ ಅದು ಜೊತೆ. ಭಾರ ಆಗಿದ್ದರೆ ಅದು ಪೈಪೋಟಿ.

ಹತ್ತು ಸಾವಿರ ಹೆಜ್ಜೆಯ ಗುಟ್ಟು

'ನಮ್ಮ ಎದುರು ಮನೆಯವರು ದಿನಾ ಹತ್ತು ಸಾವಿರ ಹೆಜ್ಜೆ ಹಾಕ್ತಾರಂತೆ. ನನ್ನದು ಆರು ಸಾವಿರಕ್ಕೇ ನಿಲ್ಲುತ್ತೆ' ಅಂತ ಎಷ್ಟು ಜನ ಬೇಸರ ಮಾಡಿಕೊಳ್ಳುತ್ತಾರೆ! ಈ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ತಂದು ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಅನ್ನುವ ಅರ್ಥದ ಹೆಸರಿಟ್ಟಿತು. ಅಲ್ಲಿಂದ ಹಬ್ಬಿದ ಲೆಕ್ಕ ಇದು!

ಅಮೆರಿಕದಲ್ಲಿ 16 ಸಾವಿರಕ್ಕೂ ಹೆಚ್ಚು ಹಿರಿಯ ಹೆಂಗಸರ ಮೇಲೆ ನಡೆಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯ್ತು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ ಸುಮಾರು 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಷ್ಟೂ ಲಾಭ ಹೆಚ್ಚಿತು. ಆದರೆ ಸುಮಾರು 7,500ರ ನಂತರ ಅದು ಅಲ್ಲಿಗೇ ನಿಂತಿತು. ಹಾಗಾಗಿ ನಿಮ್ಮ ಅತ್ತೆಯವರು ಬೆಳಿಗ್ಗೆ ದೇವಸ್ಥಾನಕ್ಕೂ, ಸಂಜೆ ತರಕಾರಿಗೂ ನಡೆದೇ ಹೋಗಿ ಬರುತ್ತಿದ್ದರೆ ಅವರನ್ನು ನೋಡಿ ನಗಬೇಡಿ. ಅವರ ಲೆಕ್ಕ ಸರಿಯಾಗಿಯೇ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯೂ ಸರಳವಾಗಿಯೇ ಇದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಅಂದರೆ ಮಾತಾಡಬಹುದು ಆದರೆ ಹಾಡು ಹೇಳೋಕಾಗದಷ್ಟು ಬಿರುಸಿನ ನಡಿಗೆ. ಜೊತೆಗೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ವ್ಯಾಯಾಮ. ಅಷ್ಟೂ ಆಗದಿದ್ದರೆ? ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪ ಮಾಡಿದರೂ ಒಳ್ಳೆಯದೇ ಅಂತ ಅದೇ ಸಲಹೆಯಲ್ಲಿ ಹೇಳಿದೆ.

ಇಷ್ಟು ಮಾಡಿ ನೋಡಿ

* ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಸಾಕು. ಇವತ್ತಿನ ತಾರೀಖು ಹಾಕಿ ನಾಲ್ಕು ವಿಷಯ ಬರೆಯಿರಿ. ನಿಲ್ಲದೆ ಎಷ್ಟು ನಿಮಿಷ ನಡೆಯಬಲ್ಲೆ? ಕೈ ಊರದೆ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳಬಲ್ಲೆ? ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು? ಸೊಂಟದ ಅಳತೆ ಎಷ್ಟು? ತಿಂಗಳಿಗೊಮ್ಮೆ ಮತ್ತೆ ಬರೆಯಿರಿ. ನಿಮ್ಮನ್ನು ಹೋಲಿಸಿಕೊಳ್ಳಬೇಕಾದ ಹೆಂಗಸು ಒಬ್ಬಳೇ, ಹೋದ ತಿಂಗಳ ನೀವು.

* ಒಂದು ತಿಂಗಳು ಯಾರ ಫೋಟೊ ನೋಡಿದರೆ ನಿಮಗೆ ಊಟ ರುಚಿಸುವುದಿಲ್ಲವೋ ಅವರ ಸ್ಟೇಟಸ್ಸನ್ನು ಮ್ಯೂಟ್ ಮಾಡಿ. ಅವರಿಗೆ ಗೊತ್ತಾಗುವುದಿಲ್ಲ. ನಿಮಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

* ಊಟ ಬಿಡಬೇಡಿ. ರಾಗಿಮುದ್ದೆ, ಸೊಪ್ಪಿನ ಉಪ್ಸಾರು, ಹುರುಳಿ, ಕಾಳು, ಮೊಟ್ಟೆ, ಮಜ್ಜಿಗೆ... ನಮ್ಮ ಸೀಮೆಯ ಊಟಕ್ಕೆ ಏನು ಕಡಿಮೆಯಾಗಿದೆ? ಅನ್ನ ಒಂದು ಸೌಟು ಕಡಿಮೆ ಮಾಡಿ, ಪಲ್ಯ ಒಂದು ಸೌಟು ಹೆಚ್ಚು ಮಾಡಿ. ಊಟವಾದ ಕೂಡಲೇ ಕಾಫಿ, ಟೀ ಕುಡಿಯಬೇಡಿ, ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಸೊಪ್ಪಿಗೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಮುಖ್ಯವಾಗಿ, ಎಲ್ಲರಿಗೂ ಬಡಿಸಿ ಉಳಿದಿದ್ದನ್ನು ತಿನ್ನುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನಿಮ್ಮ ತಟ್ಟೆಗೂ ಮೊದಲೇ ಬಡಿಸಿ ಎತ್ತಿಡಿ.

* ಹೆಸರಿಲ್ಲದ ಪುಡಿ, ಟೀ, ಮಾತ್ರೆ ಯಾರು ಕೊಟ್ಟರೂ ಬೇಡ. ತೂಕ ಇಳಿಸುವ ಇಂಜೆಕ್ಷನ್‌ಗಳೂ ಈಗ ಬಂದಿವೆ. ಅವು ಬೇಕೋ ಬೇಡವೋ ಅನ್ನುವುದನ್ನು ವೈದ್ಯರು ನಿಮ್ಮನ್ನು ಪರೀಕ್ಷೆ ಮಾಡಿ ಹೇಳಬೇಕು. ಗೆಳತಿಗೆ ಇಳೀತು ಅನ್ನುವುದು ಕಾರಣವಾಗಬಾರದು.

* ಮಂಡಿ ನೋವು, ಎದೆಯಲ್ಲಿ ಬಿಗಿತ, ನಡೆದರೆ ಏದುಸಿರು, ತಲೆಸುತ್ತು, ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ ಇದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ಹೆರಿಗೆಯಾದವರು ವೈದ್ಯರು ಹೇಳುವವರೆಗೆ ಹೊಟ್ಟೆ ಕರಗಿಸುವ ವ್ಯಾಯಾಮಕ್ಕೆ ಕೈ ಹಾಕಬೇಡಿ. ಬಾಣಂತಿಗೆ 'ಯಾವಾಗ ಹೊಟ್ಟೆ ಇಳಿಯುತ್ತೆ' ಅಂತ ಯಾರೂ ಕೇಳಲೂ ಬೇಡಿ.

* ದಿನಕ್ಕೆ ಅರ್ಧ ಗಂಟೆ ನಿಮ್ಮದು ಅಂತ ಮನೆಯವರಿಗೆ ಗಟ್ಟಿಯಾಗಿ ಹೇಳಿ. ಆ ಹೊತ್ತಿನಲ್ಲಿ ಕುಕ್ಕರ್ ಕೂಗಿದರೆ ಆರಿಸಲು ಗಂಡನಿಗೂ, ಮಕ್ಕಳಿಗೂ ಕೈ ಇದೆ. ತೂಕ ಇಳಿಸು ಅನ್ನುವವರು ಸಮಯವನ್ನೂ ಕೊಡಬೇಕು ತಾನೆ?

ಅತ್ತೆಯರಿಗೆ, ಚಿಕ್ಕಮ್ಮಂದಿರಿಗೆ ಒಂದು ಮಾತು

ಕೊನೆಯದಾಗಿ ಒಂದು ಮಾತು. ಇದು ಕೇಳಿಸಿಕೊಳ್ಳುವವರಿಗಲ್ಲ, ಹೇಳುವವರಿಗೆ. ಛತ್ರದ ಬಾಗಿಲಲ್ಲಿ ನಿಂತ ಆ ಅತ್ತೆ ಬೇರೆ ಯಾರೋ ಅಂದುಕೊಳ್ಳಬೇಡಿ. ಒಂದಲ್ಲ ಒಂದು ದಿನ ಅದು ನಾವೇ ಆಗಿರುತ್ತೇವೆ. 'ದಪ್ಪ ಆಗಿದ್ದೀಯ', 'ಸೊರಗಿ ಕಡ್ಡಿ ಆಗಿದ್ದೀಯ' ಎರಡೂ ಒಂದೇ ಕೋಲಿನ ಎರಡು ತುದಿ. ಪ್ರೀತಿಯಿಂದಲೇ ಹೇಳುತ್ತೇವೆ, ಒಪ್ಪುತ್ತೇನೆ. ಆದರೆ ಆ ಮಾತು ಕೇಳಿದ ಹದಿನೈದು ವರ್ಷದ ಹುಡುಗಿ ಅವತ್ತು ರಾತ್ರಿ ಊಟ ಬಿಟ್ಟು ಮಲಗುತ್ತಾಳೆ ಅನ್ನುವುದು ನಮಗೆ ಕಾಣುವುದಿಲ್ಲ. ಮಗಳ ಎದುರು ನಿಮ್ಮ ಮೈಯನ್ನು ನೀವೇ ಹಳಿದುಕೊಂಡರೂ ಅಷ್ಟೇ. ಅವಳು ಕಲಿಯುವುದು ನಿಮ್ಮನ್ನು ನೋಡಿಯೇ. ಅದರ ಬದಲು 'ಹೇಗಿದ್ದೀಯವ್ವಾ? ಮೈ ಹುಷಾರಾ? ಬಾ, ಕೂತು ಊಟ ಮಾಡು' ಅನ್ನಿ. ಎಷ್ಟೋ ಟಾನಿಕ್ಕಿಗಿಂತ ಅದು ಮೇಲು.

ಆ ಮನೆಯ ದೊಡ್ಡ ಸೊಸೆ ಈಗ ಹೇಗಿದ್ದಾಳೆ ಅಂತ ಕೇಳುತ್ತೀರಾ? ಕಬ್ಬಿಣದ ಮಾತ್ರೆ ನುಂಗಿ, ಮತ್ತೆ ರಾತ್ರಿ ಮುದ್ದೆ ಉಂಡು, ನಿಧಾನವಾಗಿ ಚೇತರಿಸಿಕೊಂಡಿದ್ದಾಳೆ. ಇಳಿದ ತೂಕದಲ್ಲಿ ಅರ್ಧ ವಾಪಸ್ ಬಂದಿದೆ, ಅವಳು ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಚಿಕ್ಕವಳು ರಜೆಗೆ ಊರಿಗೆ ಹೋದಾಗ ಇಬ್ಬರೂ ಸಂಜೆ ಊರಾಚೆ ನಡೆದು ಬರುತ್ತಾರೆ. ದೊಡ್ಡವಳು ಬೆನ್ನು ಸಡಿಲಿಸುವ ಎರಡು ಆಸನ ಅವಳಿಂದ ಕಲಿತಿದ್ದಾಳೆ. ಚಿಕ್ಕವಳಿಗೆ ತುಂಬಿದ ಬಿಂದಿಗೆ ಸೊಂಟಕ್ಕೆ ಎತ್ತಲು ಇನ್ನೂ ಬಂದಿಲ್ಲ. ಪ್ರತಿ ಸಲವೂ ಸೀರೆ ತೋಯಿಸಿಕೊಂಡು ನಗುತ್ತಾಳೆ.

ಹದಿನಾರು ಅಳಿಯಂದಿರಿಗೆ ಹದಿನಾರು ಮುಖ ಕೊಟ್ಟ ಚಾವಡಿ ಇರುವ ನಾಡು ನಮ್ಮದು. ನಿಮ್ಮ ಮುಖ ಯಾವುದು ಅಂತ ಹುಡುಕಿಕೊಂಡು ನೆಮ್ಮದಿಯಾಗಿ ಕೂತುಕೊಳ್ಳಿ. ಪಕ್ಕದವಳ ಜಾಗ ಪಕ್ಕದವಳಿಗಿರಲಿ. ನಾಳೆ ಬೆಳಿಗ್ಗೆ ಕನ್ನಡಿ ಮುಂದೆ ನಿಂತಾಗ ಸೊಂಟ ನೋಡುವ ಮೊದಲು ಒಮ್ಮೆ ನಿಮ್ಮ ಕಣ್ಣು ನೋಡಿಕೊಳ್ಳಿ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಎಷ್ಟು ದೂರ ಅಂತ ಯಾರನ್ನೂ ಕೇಳಬೇಡಿ, ನಿಮ್ಮ ಕಾಲೇ ಹೇಳುತ್ತದೆ.